ಸೈನಿಕ ಹುಳು

ಸ್ಟಾರ್‌ಕ್ರಾಫ್ಟ್ ಎಂಬ ಕಂಪ್ಯೂಟರ್ ಯುದ್ಧದ ಆಟದಲ್ಲಿ ಝರ್ಗ್ ಎಂಬ ಅನ್ಯಲೋಕದ ಪಡೆಯನ್ನು ಆರಿಸಿಕೊಂಡವನಿಗೆ ಆರಂಭದಲ್ಲಿ ಸಿಗುವುದು ಹುಳುಗಳು ಹುಟ್ಟುವ ಒಂದು ಹ್ಯಾಚರಿ, ಖನಿಜ ಅಗೆಯುವ 4 ಡ್ರೋನ್, ಆಕಾಶದಲ್ಲಿ ತೇಲುವ ಒಂದು ಓವರ್‌ಲಾರ್ಡ್ ಮತ್ತು 50 ಖನಿಜ. ಹ್ಯಾಚರಿಯ ಕೆಳಗೆ, ಕ್ರೀಪ್ ಎಂದು ಕರೆಯುವ ಆ ಲೋಳೆಯಂಥ ನೇರಳೆ ನೆಲದ ಮೇಲೆ, ಲಾರ್ವಾ ಎಂಬ ಕೆಲವು ಮರಿಹುಳುಗಳು ಹೊರಳಾಡುತ್ತಿರುತ್ತವೆ. ಆ 50 ಖನಿಜದಿಂದ ಸಾಮಾನ್ಯವಾಗಿ ಮಾಡುವುದು ಒಂದೇ ಕೆಲಸ: ಒಂದು ಲಾರ್ವಾವನ್ನು ಮೊಟ್ಟೆಯಾಗಿಸಿ, ಅದರಿಂದ ಇನ್ನೊಂದು ಡ್ರೋನ್ ಬರುವುದನ್ನು ಕಾಯುವುದು. ಈ ಆಟವನ್ನು ನಾನು ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಬಿಟ್ಟು ಬಿಟ್ಟು ಆಡಿದ್ದೇನೆ. ಆ ಲಾರ್ವಾಗಳನ್ನು ಏನು ಮಾಡಬೇಕೆಂಬ ಪ್ರಶ್ನೆಗೆ ಮಾತ್ರ ಇವತ್ತಿಗೂ ಸರಿಯಾದ ಉತ್ತರ ಕೊಟ್ಟವನಲ್ಲ.

ಆಟ ಬಿಡುಗಡೆಯಾದದ್ದು 1998ರ ಮಾರ್ಚ್‌ನಲ್ಲಿ. ಅದರ ಮುಂದುವರಿಕೆಯಾದ ಬ್ರೂಡ್ ವಾರ್ ಬಂದದ್ದು ಅದೇ ವರ್ಷದ ಕೊನೆಗೆ. ದಾವಣಗೆರೆಯಲ್ಲಿ ಅದು ನನ್ನ ಕಣ್ಣಿಗೆ ಬಿದ್ದದ್ದು 2003ರ ಮಳೆಗಾಲದಲ್ಲಿ, ಹದಡಿ ರಸ್ತೆಯ ಕಡೆಗಿದ್ದ ಒಂದು ಸೈಬರ್ ಕೆಫೆಯಲ್ಲಿ. ಆರು ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸಿದ್ದರು, ಗಂಟೆಗೆ 15 ರೂಪಾಯಿ. ಸೋದರಮಾವನ ಮಗ ಪ್ರೋಟಾಸ್ ಪಡೆಯನ್ನು ಹಿಡಿಯುತ್ತಿದ್ದ. ಅವನಿಗೆ ಮಿನುಗುವ ಕವಚ, ಹೊಳೆಯುವ ಕತ್ತಿ ಬೇಕು. ನನಗೆ ಉಳಿದದ್ದು ಹುಳುಗಳು. ಆರಿಸಿಕೊಂಡೆ ಎಂದು ಹೇಳಿದರೆ ಸುಳ್ಳಾಗುತ್ತದೆ, ಪಾಲಿಗೆ ಬಂದವು.

ಅನ್ಯಲೋಕದ ಸೈನ್ಯ ಎಂದಾಕ್ಷಣ ಎಲ್ಲರ ಗಮನವೂ ಹಲ್ಲು, ರೆಕ್ಕೆ, ವಿಷಗಳ ಮೇಲೆ ಹೋಗುತ್ತದೆ. ಕೆಫೆಯ ಹುಡುಗರೂ ಹಾಗೆಯೇ ಇದ್ದರು. ಆನೆಯ ಗಾತ್ರದ, ಕೊಡಲಿಯಂಥ ಕೊಂಬುಗಳ ಅಲ್ಟ್ರಾಲಿಸ್ಕ್ ಪರದೆಯ ಮೇಲೆ ಕಾಣಿಸಿಕೊಂಡರೆ ಪಕ್ಕದ ಕುರ್ಚಿಯವರು ತಮ್ಮ ಆಟವನ್ನು ಬಿಟ್ಟು ನೋಡಲು ಬರುತ್ತಿದ್ದರು. ನನಗೆ ನಿಧಾನವಾಗಿ ಹೊಳೆದದ್ದು ಬೇರೆ. ಈ ಪಡೆಯಲ್ಲಿ ನಿಜಕ್ಕೂ ಅನ್ಯವಾದದ್ದು ಅದರ ಲೆಕ್ಕ. ಮನುಷ್ಯರ ಪಡೆಯಾದ ಟೆರನ್‌ನಲ್ಲಿ ಸೈನಿಕನನ್ನು ತಯಾರಿಸಲು ಒಂದು ಕಟ್ಟಡ, ಕೆಲಸಗಾರನನ್ನು ತಯಾರಿಸಲು ಇನ್ನೊಂದು. ಎರಡೂ ಏಕಕಾಲಕ್ಕೆ ನಡೆಯಬಹುದು. ಪ್ರೋಟಾಸ್‌ನದೂ ಹೆಚ್ಚುಕಡಿಮೆ ಇದೇ ಕ್ರಮ. ಝರ್ಗ್‌ನಲ್ಲಿ ಹಾಗಿಲ್ಲ. ಖನಿಜ ಅಗೆಯುವ ಡ್ರೋನ್, ಕಚ್ಚುವ ಝರ್ಗ್‌ಲಿಂಗ್, ಹಾರುವ ಮ್ಯೂಟಲಿಸ್ಕ್, ಎಲ್ಲವೂ ಒಂದೇ ಲಾರ್ವಾದಿಂದ ಹುಟ್ಟಬೇಕು. ಒಂದು ಹ್ಯಾಚರಿಯ ಕೆಳಗೆ ಒಮ್ಮೆಗೆ 3 ಲಾರ್ವಾಗಳಿಗಿಂತ ಹೆಚ್ಚು ಇರುವುದಿಲ್ಲ. ಅತಿ ವೇಗದ ಆಟದಲ್ಲಿ ಸುಮಾರು 14 ಸೆಕೆಂಡಿಗೆ ಒಂದರಂತೆ ಹೊಸದು ಹುಟ್ಟುತ್ತದೆ. ಮೂರೂ ತುಂಬಿಕೊಂಡಿದ್ದಾಗ ನೀವು ಸುಮ್ಮನೆ ಕುಳಿತಿದ್ದರೆ ನಾಲ್ಕನೆಯದು ಹುಟ್ಟುವುದಿಲ್ಲ, ಆ ಹೊತ್ತು ಹೋಯಿತು ಅಷ್ಟೇ. ಆದ್ದರಿಂದ ನೀವು ಮಾಡುವ ಒಂದೊಂದು ಸೈನಿಕವೂ ಮಾಡದೆ ಉಳಿದ ಒಬ್ಬ ದುಡಿಯುವವನು. ಒಂದೊಂದು ಡ್ರೋನ್ ಕೂಡ ಗಡಿಯಲ್ಲಿ ಇಲ್ಲದೆ ಹೋದ ಒಂದು ಜೊತೆ ಹಲ್ಲು.

ಮನೆ ಕಟ್ಟುವ ಪದ್ಧತಿ ಇನ್ನೂ ವಿಚಿತ್ರ. ಟೆರನ್ ಕೆಲಸಗಾರ ಗೋಡೆ ಕಟ್ಟಿ ಮುಗಿಸಿ ಮತ್ತೆ ಗಣಿಗೆ ಮರಳುತ್ತಾನೆ. ಪ್ರೋಟಾಸ್‌ನ ಪ್ರೋಬ್ ಒಂದು ಕಿಡಿ ಹಾರಿಸಿ, ಕಟ್ಟಡ ತಾನಾಗಿ ಮೂಡಲಿ ಎಂದು ಬಿಟ್ಟು ಹೊರಟುಬಿಡುತ್ತದೆ. ಝರ್ಗ್‌ನ ಡ್ರೋನ್ ತಾನೇ ಕಟ್ಟಡವಾಗುತ್ತದೆ. ಝರ್ಗ್‌ಲಿಂಗ್‌ಗಳನ್ನು ಹುಟ್ಟಿಸಲು ಬೇಕಾದ ಸ್ಪಾನಿಂಗ್ ಪೂಲ್‌ಗೆ 200 ಖನಿಜ ಎಂದು ಪರದೆಯ ಮೇಲೆ ಬರೆದಿರುತ್ತದೆಯಾದರೂ ನಿಜವಾದ ಬೆಲೆ 200 ಖನಿಜ ಮತ್ತು ಒಂದು ಡ್ರೋನ್, ಅಂದರೆ ಅದು ಮುಂದೆ ಆಟವಿಡೀ ಅಗೆದು ತರಬಹುದಾಗಿದ್ದ ಎಲ್ಲವೂ. ಗಾರೆ ಕೆಲಸದವನೇ ಗೋಡೆಯಾಗಿ ನಿಂತುಬಿಡುವ ಊರು ಅದು.

ಝರ್ಗ್‌ಲಿಂಗ್ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಆಟದ ಅತ್ಯಂತ ಅಗ್ಗದ ಜೀವಿಯಾದ ಇದರಲ್ಲಿಯೇ ಆಟ ಮಾಡಿದವರ ಜಾಣತನ ಹೆಚ್ಚು ಕಾಣುತ್ತದೆ. 50 ಖನಿಜಕ್ಕೆ ಒಂದು ಮೊಟ್ಟೆ, ಮೊಟ್ಟೆಯಿಂದ ಎರಡು ಝರ್ಗ್‌ಲಿಂಗ್. ಒಂದೊಂದಕ್ಕೆ 35 ಅಂಕದ ಜೀವ, ಒಂದು ಕಚ್ಚಿಗೆ 5 ಅಂಕದ ಪೆಟ್ಟು. ಎದುರಿಗೆ ಸೋದರಮಾವನ ಮಗನ ಝೀಲಟ್: 100 ಖನಿಜ, 100 ಜೀವ, ಅದರ ಮೇಲೆ 60 ಅಂಕದ ಕವಚ, ಎರಡೂ ಕೈಗಳಿಂದ ತಲಾ 8ರಂತೆ ಒಂದು ಬೀಸಿಗೆ 16 ಅಂಕದ ಪೆಟ್ಟು. ನೂರು ಖನಿಜಕ್ಕೆ ಅವನಿಗೆ ಒಬ್ಬ ಯೋಧ, ನನಗೆ ನಾಲ್ಕು ಹುಳು. ಅವನ ಝೀಲಟ್ ನನ್ನದೊಂದನ್ನು ಕೊಲ್ಲಲು ಮೂರು ಬಾರಿ ಬೀಸಬೇಕು: 16, 32, ಆಮೇಲೆ ಉಳಿದ 3 ಅಂಕಕ್ಕಾಗಿ ಮತ್ತೊಂದು ಪೂರ್ಣ ಬೀಸು. ಆ 3 ಅಂಕದ ಮೇಲೆ ನನ್ನ ಪಡೆಯೆಲ್ಲ ಬದುಕಿತ್ತು. ಅವನು ಒಂದು ದಿನ ಫೋರ್ಜ್ ಎಂಬ ಕಟ್ಟಡದಲ್ಲಿ ಆಯುಧದ ಮೊದಲ ಹಂತದ ಸುಧಾರಣೆ ಮಾಡಿಕೊಂಡು ಬಂದ. 8 ಇದ್ದದ್ದು 9 ಆಯಿತು. ಎರಡು ಕೈ ಸೇರಿ 18, ಎರಡು ಬೀಸಿಗೆ 36. ಮೂರು ಪೆಟ್ಟಿಗೆ ಸಾಯುತ್ತಿದ್ದ ಹುಳು ಎರಡಕ್ಕೇ ಸತ್ತಿತು. ಒಂದು ಅಂಕಿಯ ಬದಲಾವಣೆಗೆ ಸೈನ್ಯದ ಮೂರನೆಯ ಒಂದು ಭಾಗ ಆಯುಷ್ಯ ಹೋದಂತಾಯಿತು. ನಾನೂ ಹುಳುಗಳ ಚಿಪ್ಪನ್ನು ಒಂದು ಹಂತ ಗಟ್ಟಿ ಮಾಡಿಕೊಂಡರೆ ಪ್ರತಿ ಕೈಯ ಪೆಟ್ಟಿನಲ್ಲಿ 1 ಕಳೆದು ಮತ್ತೆ 16ಕ್ಕೆ ಬರುತ್ತದೆ, ಮತ್ತೆ ಮೂರು ಪೆಟ್ಟು. ಇದು ನನಗೆ ಗೊತ್ತಾಗುವ ಹೊತ್ತಿಗೆ ಸುಮಾರು ಎರಡು ತಿಂಗಳು ಸೋತಿದ್ದೆ, ಪ್ರತಿ ಸೋಲಿಗೂ ಒಂದು ಪ್ಲೇಟು ಮಂಡಕ್ಕಿ ಮಿರ್ಚಿ ಕೊಡಿಸಿದ್ದೆ.

ಹುಳುಗಳ ಬಲ ಸಂಖ್ಯೆಯಲ್ಲಿದೆ ಎನ್ನುವುದು ಅರ್ಧ ನಿಜ. ಸಂಖ್ಯೆಗೆ ಬಲ ಬರುವುದು ಬಯಲಿನಲ್ಲಿ, ಸುತ್ತುವರಿಯಲು ಜಾಗವಿದ್ದಾಗ. ಇಕ್ಕಟ್ಟಿನಲ್ಲಿ ಹಿಂದಿನ ಮೂವತ್ತು ಹುಳುಗಳು ಮುಂದಿನ ಎರಡರ ಬೆನ್ನು ನೋಡುತ್ತ ನಿಲ್ಲಬೇಕಾಗುತ್ತದೆ. ಚಿತ್ರದುರ್ಗದ ಕೋಟೆಯನ್ನು ಶಾಲೆಯ ಪ್ರವಾಸದಲ್ಲಿ ನೋಡಿದ ನಮಗೆ ಇದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ. ಏಳು ಸುತ್ತಿನ ಆ ಕೋಟೆಯ ಬಾಗಿಲುಗಳ ದಾರಿ ಎಲ್ಲೂ ನೇರವಾಗಿಲ್ಲ. ತಿರುವಿನ ಮೇಲೆ ತಿರುವು, ಓಡಿ ಬಂದವನ ವೇಗ ಗೋಡೆಗೆ ತಾಗಿ ನಿಲ್ಲುವಂತೆ ಕಟ್ಟಿದ್ದಾರೆ. ಓಬವ್ವನ ಕಿಂಡಿಯಂತೂ ಒಬ್ಬೊಬ್ಬರೇ ಮೈ ಓರೆ ಮಾಡಿ ತೂರಿಕೊಳ್ಳಬೇಕಾದ ಬಂಡೆಯ ಸಂದು. ಹೈದರಾಲಿಯ ಸೈನಿಕರು ಎಷ್ಟೇ ಜನರಿದ್ದರೂ ಆ ಕಿಂಡಿಯ ಮಟ್ಟಿಗೆ ಹೊರಗೆ ಬರುತ್ತಿದ್ದದ್ದು ಒಂದೇ ತಲೆ. ಒನಕೆ ಹಿಡಿದು ಪಕ್ಕದಲ್ಲಿ ನಿಂತವಳಿಗೆ ಒಂದು ಸಲಕ್ಕೆ ಒಬ್ಬನೇ ಶತ್ರು. ಸೋದರಮಾವನ ಮಗ ತನ್ನ ನೆಲೆಗೆ ಹತ್ತುವ ಇಳಿಜಾರಿನ ತುದಿಯಲ್ಲಿ ಎರಡು ಝೀಲಟ್‌ಗಳನ್ನು ಅಲುಗಾಡದಂತೆ ನಿಲ್ಲಿಸಿ "ಬಾರಲೇ, ಓಬವ್ವನ ಕಿಂಡಿ" ಎಂದು ಕೂಗುತ್ತಿದ್ದ. ನಾನು ಪ್ರತಿ ಸಲವೂ ಹೋಗುತ್ತಿದ್ದೆ. ಹೈದರನ ಸೈನಿಕರು ನನಗಿಂತ ಬೇಗ ಪಾಠ ಕಲಿತಿರಬೇಕು. ದುರ್ಗ ಕೊನೆಗೆ 1779ರಲ್ಲಿ ಅವನ ಕೈಸೇರಿತು, ಕಿಂಡಿಯ ಮೂಲಕವಲ್ಲ.

ಕಿಂಡಿಗೆ ತಲೆ ಕೊಡದೆ ಒಳಹೋಗುವ ದಾರಿಗಳು ಝರ್ಗ್‌ಗೂ ಇವೆ. ಓವರ್‌ಲಾರ್ಡ್‌ಗಳಿಗೆ ಹೊಟ್ಟೆಯ ಚೀಲ ಬೆಳೆಸಿದರೆ ಹುಳುಗಳನ್ನು ಹೊತ್ತು ಗೋಡೆಯ ಆಚೆ ಇಳಿಸುತ್ತವೆ. ಮ್ಯೂಟಲಿಸ್ಕ್ ಹಾರಿಕೊಂಡೇ ಹೋಗುತ್ತದೆ. ಅದು ಉಗುಳುವ ಹುಳು ಮೊದಲನೆಯವನಿಗೆ 9, ಪುಟಿದು ಎರಡನೆಯವನಿಗೆ 3, ಮೂರನೆಯವನಿಗೆ 1 ಅಂಕದ ಪೆಟ್ಟು ಕೊಡುತ್ತದೆ. ಸ್ಕರ್ಜ್ ಬಗ್ಗೆ ಹೆಚ್ಚು ಹೇಳುವುದೇನಿಲ್ಲ. ಹಾರಿ ಹೋಗಿ ಡಿಕ್ಕಿ ಹೊಡೆದು ಸಾಯುವುದೇ ಅದರ ಉದ್ಯೋಗ. ಇವೆಲ್ಲಕ್ಕಿಂತ ನನಗೆ ಇಷ್ಟವಾದದ್ದು ಬ್ರೂಡ್ ವಾರ್‌ನಲ್ಲಿ ಸೇರಿಸಿದ ಲರ್ಕರ್. ಮುಳ್ಳು ಉಗುಳುವ ಹೈಡ್ರಾಲಿಸ್ಕ್ ಎಂಬ ಜೀವಿಯೊಂದು ಮತ್ತೆ ಮೊಟ್ಟೆಯಾಗಿ, ಅದರಿಂದ ಏಡಿಯಂತೆ ಕಾಲು ಚಾಚಿದ ಈ ಜೀವಿ ಬರುತ್ತದೆ. ನೆಲದ ಮೇಲಿದ್ದಾಗ ಅದು ಯಾರಿಗೂ ಏನೂ ಮಾಡಲಾರದು. ಮಣ್ಣಿನೊಳಗೆ ಹೂತುಕೊಂಡ ಮೇಲೆ ಒಂದು ಗೆರೆಯುದ್ದಕ್ಕೂ ಮುಳ್ಳುಗಳನ್ನು ಚಿಮ್ಮಿಸುತ್ತದೆ, ಆ ಗೆರೆಯ ಮೇಲೆ ನಿಂತವರೆಲ್ಲರಿಗೂ ಪೆಟ್ಟು. ಅಡಗಿದ್ದನ್ನು ಕಾಣಬಲ್ಲ ಕಣ್ಣು ಜೊತೆಗಿಲ್ಲದೆ ಬಂದ ಸೈನ್ಯಕ್ಕೆ ನೆಲವೇ ತಮ್ಮನ್ನು ತಿವಿಯುತ್ತಿರುವಂತೆ ತೋರುತ್ತದೆ. ನುರಿತವರು ಲರ್ಕರ್‌ಗೆ ಹೊಡೆಯಬೇಡವೆಂದು ತಡೆದಿಟ್ಟು, ಶತ್ರುವಿನ ದಂಡು ಪೂರ್ತಿ ತಲೆಯ ಮೇಲೆ ಬಂದ ಕ್ಷಣಕ್ಕೆ ಬಿಡುತ್ತಿದ್ದರು. ಆ ಎರಡು ಮೂರು ಸೆಕೆಂಡು ಉಸಿರು ಹಿಡಿದು ಕಾಯುವುದು ಈ ಆಟದಲ್ಲಿ ನಾನು ಕಂಡ ಅತಿ ದೊಡ್ಡ ಸುಖ.

ರಜೆಗೆ ಊರಿಗೆ ಹೋದಾಗ ಹಳೆಯ ಕಂಪ್ಯೂಟರೊಂದರಲ್ಲಿ ಇದನ್ನೇ ಆಡುತ್ತಿದ್ದೆ. ಆನಗೋಡಿನ ಕಡೆ ನಮ್ಮದು ಮಳೆಯಾಶ್ರಿತ ಹೊಲ, ಮೆಕ್ಕೆಜೋಳವೇ ಮುಖ್ಯ ಬೆಳೆ. ಅಪ್ಪ ಒಮ್ಮೆ ಬೆನ್ನ ಹಿಂದೆ ಬಂದು ನಿಂತು ಬಹಳ ಹೊತ್ತು ಪರದೆಯನ್ನೇ ನೋಡಿದರು. ಆಮೇಲೆ, "ಅಲ್ಲಲೇ ತಮ್ಮಾ, ರೊಕ್ಕ ಕೊಟ್ಟು ಹುಳ ಸಾಕ್ತೀಯೇನು? ಹೊಲಕ್ಕೆ ಬಾ, ಪುಕ್ಸಟ್ಟೆ ಅದಾವೆ" ಎಂದರು. ಆ ಮಾತಿಗೆ ಹದಿನೈದು ವರ್ಷದ ನಂತರ ಬೇರೊಂದು ಅರ್ಥ ಬಂತು.

2018ರ ಮೇ ತಿಂಗಳಲ್ಲಿ ಶಿವಮೊಗ್ಗದ ಮೆಕ್ಕೆಜೋಳದ ಹೊಲಗಳಲ್ಲಿ, ಭಾರತದಲ್ಲಿಯೇ ಮೊದಲ ಬಾರಿಗೆ, ಅಮೆರಿಕ ಖಂಡಗಳ ಮೂಲದ ಒಂದು ಕೀಟ ಪತ್ತೆಯಾಯಿತು. ಕೃಷಿ ಇಲಾಖೆಯ ಕರಪತ್ರಗಳಲ್ಲಿ ಅದರ ಹೆಸರು ಫಾಲ್ ಸೈನಿಕ ಹುಳು; ರೈತರ ಬಾಯಲ್ಲಿ ಲದ್ದಿ ಹುಳು. ಆ ಮುಂಗಾರಿನಲ್ಲಿಯೇ ನಮ್ಮ ಹೊಲಕ್ಕೂ ಬಂತು. ಇದರ ಪತಂಗ ಒಂದು ರಾತ್ರಿಯಲ್ಲಿ ನೂರು ಕಿಲೋಮೀಟರಿನಷ್ಟು ಹಾರಬಲ್ಲದು. ಒಂದು ಹೆಣ್ಣು ತನ್ನ ಆಯುಷ್ಯದಲ್ಲಿ ಸಾವಿರಕ್ಕೂ ಹೆಚ್ಚು ಮೊಟ್ಟೆಗಳನ್ನು ಗುಂಪು ಗುಂಪಾಗಿ ಇಟ್ಟು, ತನ್ನ ಮೈಯ ಹೊಟ್ಟಿನಂಥ ಕೂದಲಿನಿಂದ ಮುಚ್ಚುತ್ತದೆ. ಬೆಳೆದ ಹುಳುವಿನ ತಲೆಯ ಮೇಲೆ ಇಂಗ್ಲಿಷಿನ ವೈ ಅಕ್ಷರವನ್ನು ತಲೆಕೆಳಗು ಮಾಡಿದಂಥ ಬಿಳಿ ಗೆರೆ, ಬಾಲದ ಹತ್ತಿರ ಚೌಕಾಕಾರದಲ್ಲಿ ನಾಲ್ಕು ಕಪ್ಪು ಚುಕ್ಕೆ. ಅಂಗಡಿಯವನು ಹೇಳಿದ ಔಷಧಿಯನ್ನು ಎರಡು ಬಾರಿ, ಎರಡು ಬಾರಿಯೂ ನಡುಮಧ್ಯಾಹ್ನ, ಸಾಲಿನ ಮೇಲಿಂದ ಸಿಂಪಡಿಸಿದೆವು. ಎಲೆಗಳೆಲ್ಲ ತೊಯ್ದವು, ಹುಳುವಿಗೆ ಏನೂ ಆಗಲಿಲ್ಲ.

ಕಾರಣ ತಿಳಿದದ್ದು ಒಂದು ಗಿಡದ ಮುಂದೆ ಕುಕ್ಕರುಗಾಲಲ್ಲಿ ಕುಳಿತು ಸುಳಿಯನ್ನು ಬಿಡಿಸಿ ನೋಡಿದಾಗ. ಹೊರಗಿನ ಎಲೆಗಳಲ್ಲಿ ಸಾಲಾಗಿ ತೂತು. ಒಳಗೆ, ಸುಳಿಯ ಬಾಯಿಗೆ ಬಿರಟೆ ಹಾಕಿದಂತೆ, ಒದ್ದೆ ಮರದ ಪುಡಿಯ ಬಣ್ಣದ ಹಿಕ್ಕೆ. ಆ ಹಿಕ್ಕೆಯನ್ನು ಕಡ್ಡಿಯಿಂದ ತೆಗೆದರೆ ಅದರ ಕೆಳಗೆ, ಎಳೆಯ ಎಲೆಯ ತಿಳಿಹಳದಿ ಸುರುಳಿಯೊಳಗೆ, ಒಂದು ಹನಿ ಔಷಧಿಯೂ ತಾಗದೆ ಒಣಗಿದ ಮೈಯಲ್ಲಿ ಹುಳು ಮಲಗಿತ್ತು. ತನ್ನ ಲದ್ದಿಯನ್ನೇ ಛಾವಣಿ ಮಾಡಿಕೊಂಡಿತ್ತು. ನಾನು ಗಟ್ಟಿಯಾಗಿಯೇ ಹೇಳಿದ್ದಿರಬೇಕು, ಏಕೆಂದರೆ ಪಕ್ಕದ ಸಾಲಿನಿಂದ ಅಪ್ಪ "ಏನಂದೀ?" ಎಂದು ಕೇಳಿದರು. ನಾನು ಅಂದದ್ದು "ಡಾರ್ಕ್ ಸ್ವಾರ್ಮ್".

ಝರ್ಗ್‌ನ ಅತ್ಯುನ್ನತ ಹಂತದಲ್ಲಿ ಬರುವ ಡಿಫೈಲರ್ ಎಂಬ, ಚೇಳನ್ನು ಹೋಲುವ ಜೀವಿಯ ಶಕ್ತಿ ಅದು. ಡಿಫೈಲರ್ ತಾನಾಗಿ ಯಾರನ್ನೂ ಕಚ್ಚಲಾರದು, ಅದರ ಬಳಿ ಇರುವುದು ಮಂತ್ರದಂಥ ಮೂರು ಕೆಲಸಗಳು ಮಾತ್ರ. ಪ್ಲೇಗ್ ಎರಚಿದರೆ ಶತ್ರುವಿನ ಜೀವ 295 ಅಂಕದವರೆಗೆ ಕರಗುತ್ತದೆ, ಆದರೆ ಅದೊಂದರಿಂದಲೇ ಯಾರೂ ಸಾಯುವುದಿಲ್ಲ, ಕೊನೆಯ 1 ಅಂಕವನ್ನು ಉಳಿಸಿ ಬಿಡುತ್ತದೆ. ಡಾರ್ಕ್ ಸ್ವಾರ್ಮ್ ಎಂದರೆ ಕಿತ್ತಳೆ ಬಣ್ಣದ ಒಂದು ಮೋಡ. ಅದರ ಕೆಳಗೆ ನಿಂತವರಿಗೆ ದೂರದಿಂದ ಹಾರಿಸಿದ ಗುಂಡು ತಾಗುವುದಿಲ್ಲ. ಬಂಕರ್ ಕಟ್ಟಿ, ಹಿಂದೆ ಟ್ಯಾಂಕ್ ನಿಲ್ಲಿಸಿ, ಸಾಲಾಗಿ ಬಂದೂಕು ಹಿಡಿದು ಕುಳಿತ ಟೆರನ್ ಆಟಗಾರನ ಮುಂದೆ ಈ ಮೋಡ ಇಳಿದರೆ ಅವನ ಅರ್ಧ ಗಂಟೆಯ ದುಡಿಮೆ ನೀರಿಗೆ ಹೋದಂತೆ. ಆದರೆ ಕೈಯಳತೆಯ ಹೊಡೆತಕ್ಕೆ ಮೋಡ ಅಡ್ಡ ಬರುವುದಿಲ್ಲ. ಕತ್ತಿ, ಉಗುರು, ಬೆಂಕಿ ಕಾರುವ ಫೈರ್‌ಬ್ಯಾಟ್, ಇವು ಒಳಗೂ ಕೆಲಸ ಮಾಡುತ್ತವೆ. ಹೊಲದಲ್ಲಿಯೂ ನಡೆದದ್ದು ಇದೇ. ಕೃಷಿ ವಿಜ್ಞಾನಿಗಳು ಹೇಳಿಕೊಟ್ಟ ಉಪಾಯ ವಿಷದ ತಿನಿಸು: ಎಕರೆಗೆ 10 ಕಿಲೋ ಅಕ್ಕಿ ತೌಡು, 2 ಕಿಲೋ ಬೆಲ್ಲ, ಎರಡು ಮೂರು ಲೀಟರ್ ನೀರು ಕಲಸಿ ಒಂದು ದಿನ ಹುಳಿಬರಿಸಿ, ಹೊಲಕ್ಕೆ ಹೊರಡುವ ಅರ್ಧ ಗಂಟೆ ಮುಂಚೆ ಔಷಧಿ ಬೆರೆಸಿ, ಸಂಜೆಯ ಹೊತ್ತು ಒಂದೊಂದು ಗಿಡದ ಸುಳಿಗೂ ಕೈಯಿಂದ ಚಿಟಿಕೆ ಚಿಟಿಕೆ ಉದುರಿಸುವುದು. ಕೈಗವಸು ಹಾಕಿಕೊಂಡು ನಾನು, ಅಪ್ಪ, ಇಬ್ಬರು ಆಳುಗಳು ಮೂರು ಸಂಜೆ ಸೊಂಟ ಬಗ್ಗಿಸಿ ಮಾಡಿದೆವು. ಬೆಲ್ಲದ ಹುಳಿವಾಸನೆ ಬಟ್ಟೆಗೆ ಅಂಟಿ ವಾರವಿಡೀ ಹೋಗಲಿಲ್ಲ.

ಡಿಫೈಲರ್‌ನ ಮೂರನೆಯ ಕೆಲಸದ ಹೆಸರು ಕನ್ಸ್ಯೂಮ್. ಡಾರ್ಕ್ ಸ್ವಾರ್ಮ್‌ಗೆ 100 ಅಂಕದ ಶಕ್ತಿ ಬೇಕು. ಆ ಶಕ್ತಿ ತಾನಾಗಿ ತುಂಬಿಕೊಳ್ಳುವುದು ಬಹಳ ನಿಧಾನ. ಅವಸರವಿದ್ದರೆ ಡಿಫೈಲರ್ ತನ್ನದೇ ಪಡೆಯ ಒಂದು ಜೀವಿಯನ್ನು ತಿಂದು ತಕ್ಷಣ 50 ಅಂಕ ಪಡೆಯಬಹುದು. ಜಾಣರು ಅದಕ್ಕಾಗಿಯೇ ನಾಲ್ಕಾರು ಝರ್ಗ್‌ಲಿಂಗ್‌ಗಳನ್ನು ಬುತ್ತಿಯ ಹಾಗೆ ಜೊತೆಗೆ ಕರೆದುಕೊಂಡು ಹೋಗುತ್ತಾರೆ. ಎರಡನ್ನು ತಿಂದರೆ ಒಂದು ಮೋಡ. ಒಂದು ಮೊಟ್ಟೆಯ, ಅಂದರೆ ಒಂದು ಲಾರ್ವಾದ ಬೆಲೆ. ಇಡೀ ಆಟದಲ್ಲಿ ನನಗೆ ಮೊದಲ ಸಲ ಕೈ ತಡೆದದ್ದು ಇಲ್ಲಿ. ಮೌಸ್ ಒತ್ತಿದಾಗ ಆ ಝರ್ಗ್‌ಲಿಂಗ್ ಓಡುವುದಿಲ್ಲ, ಕೂಗುವುದಿಲ್ಲ. ಸಾಲಿನಲ್ಲಿ ಪಕ್ಕದಲ್ಲಿದ್ದುದೂ ಅಲುಗುವುದಿಲ್ಲ. ಆಟ ತಯಾರಿಸಿದವರು ಅಲ್ಲಿ ಯಾವ ಪ್ರತಿರೋಧವನ್ನೂ ತೋರಿಸದಿರುವುದರಿಂದಲೇ ಅದು ಭಯಾನಕವಾಗಿದೆ.

ಹೊಲದ ಸೈನಿಕ ಹುಳುವೂ ತನ್ನವರನ್ನು ತಿನ್ನುತ್ತದೆ. ನೂರಾರು ಮರಿಗಳು ಒಟ್ಟಿಗೆ ಹುಟ್ಟಿದರೂ ಬಲಿತ ಮೇಲೆ ಒಂದು ಸುಳಿಯಲ್ಲಿ ಸಾಮಾನ್ಯವಾಗಿ ಸಿಗುವುದು ಒಂದೋ ಎರಡೋ, ಉಳಿದವು ಚದುರಿಹೋಗಿರುತ್ತವೆ ಇಲ್ಲವೇ ಅದರ ಹೊಟ್ಟೆ ಸೇರಿರುತ್ತವೆ. ಮೊದಮೊದಲು ಇದು ಕನ್ಸ್ಯೂಮ್‌ನ ನಿಜರೂಪ ಎಂದುಕೊಂಡಿದ್ದೆ, ಗೆಳೆಯರ ಮುಂದೆ ಹಾಗೆಂದು ಹೇಳಿಯೂ ಇದ್ದೆ. ಈಗ ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಸುಳಿಯೊಳಗಿನ ಹುಳು ತನ್ನ ಹಸಿವಿಗೆ ತಿನ್ನುತ್ತದೆ, ತಾನು ಬದುಕಲಿಕ್ಕೆ. ಅದರಲ್ಲಿ ಸೇನಾಪತಿಯಿಲ್ಲ, ಯೋಜನೆಯಿಲ್ಲ. ಅದಕ್ಕೆ ಸೈನಿಕ ಎಂಬ ಹೆಸರನ್ನು ಕೊಟ್ಟವರು ನಾವು. ಝರ್ಗ್‌ಲಿಂಗ್‌ಗೆ ಹಸಿವೂ ಇಲ್ಲ, ಬದುಕುವ ಆಸೆಯೂ ಇಲ್ಲ. ಕಥೆಯ ಪ್ರಕಾರ ಓವರ್‌ಮೈಂಡ್ ಎಂಬ ಒಂದೇ ಮನಸ್ಸು ಅವೆಲ್ಲವನ್ನೂ ಆಡಿಸುತ್ತದೆ. ಆಟದ ಪ್ರಕಾರ ಆ ಮನಸ್ಸು ನಾನು, 15 ರೂಪಾಯಿ ಕೊಟ್ಟು ಕುರ್ಚಿಯಲ್ಲಿ ಕುಳಿತವನು. ಕೀಟಗಳನ್ನು ಮಾದರಿಯಾಗಿಟ್ಟುಕೊಂಡು ಈ ಪಡೆಯನ್ನು ಚಿತ್ರಿಸಿದ್ದಾರೆಂದು ಎಲ್ಲರೂ ಹೇಳುತ್ತಾರೆ. ಮೈಕಟ್ಟು ಕೀಟದ್ದು, ಒಪ್ಪೋಣ. ವಿಧೇಯತೆ ಮಾತ್ರ ಯಾವ ಕೀಟದಿಂದಲೂ ಬಂದದ್ದಲ್ಲ.

ಆಟದ ಹಿನ್ನೆಲೆ ಕಥೆಯಲ್ಲಿಯೂ ಇದಕ್ಕೊಂದು ಸುಳಿವಿದೆ. ಝರ್ಗ್ ಹೋದಲ್ಲೆಲ್ಲ ಅಲ್ಲಿನ ಪ್ರಾಣಿಗಳನ್ನು ಹಿಡಿದು ತಮ್ಮೊಳಗೆ ಸೇರಿಸಿಕೊಂಡು ತಿದ್ದುತ್ತವೆ. ಬೆನ್ನೆಲುಬಿನಂಥ ಮುಳ್ಳುಗಳನ್ನು ಉಗುಳುವ ಹೈಡ್ರಾಲಿಸ್ಕ್‌ನ ಮೂಲ ಸ್ಲೋಥಿಯನ್ ಎಂಬ, ಕಂಬಳಿಹುಳವನ್ನು ಹೋಲುವ ಸಾಧು ಪ್ರಾಣಿಯಂತೆ. ಇದಕ್ಕೆ ಹತ್ತಿರವಾದ ನಿಜ ಸಂಗತಿ ಹೊಲದಲ್ಲಿ ಹುಡುಕಿದರೆ ಸಿಗುವುದು ಹುಳುವಿನಲ್ಲಲ್ಲ, ಹುಳುವಿನ ವೈರಿಯಲ್ಲಿ. ಟ್ರೈಕೊಗ್ರಾಮಾ ಎಂಬ, ಕಣ್ಣಿಗೆ ಸರಿಯಾಗಿ ಕಾಣದಷ್ಟು ಚಿಕ್ಕ ಕಣಜ ಪತಂಗದ ಮೊಟ್ಟೆಯೊಳಗೆ ತನ್ನ ಮೊಟ್ಟೆಯಿಡುತ್ತದೆ. ಒಳಗೆ ಬೆಳೆಯುವುದು ಪತಂಗದ ಮರಿಯಲ್ಲ, ಕಣಜದ್ದು. ಝರ್ಗ್‌ನ ಕ್ವೀನ್ 150 ಅಂಕದ ಶಕ್ತಿ ವ್ಯಯಿಸಿ ಶತ್ರುವಿನ ಟ್ಯಾಂಕಿನೊಳಗೆ ಬ್ರೂಡ್‌ಲಿಂಗ್‌ಗಳನ್ನು ಇಳಿಸುವುದೂ, ಟ್ಯಾಂಕ್ ಸಿಡಿದು ಅದರಿಂದ ಎರಡು ಮರಿಗಳು ಹೊರಬರುವುದೂ ಈ ಕಣಜದ ಕಸುಬೇ.

2010ರಲ್ಲಿ ಎರಡನೆಯ ಸ್ಟಾರ್‌ಕ್ರಾಫ್ಟ್ ಬಂದಾಗ ಆಸೆಯಿಂದ ಆಡಿದೆ. ಅಲ್ಲಿ ಕ್ವೀನ್‌ಗೆ ಬೇರೆ ಕೆಲಸ ಕೊಟ್ಟಿದ್ದಾರೆ: ಹ್ಯಾಚರಿಗೆ ಚುಚ್ಚಿದರೆ ಸ್ವಲ್ಪ ಹೊತ್ತಿಗೆ ಹೆಚ್ಚುವರಿ ಲಾರ್ವಾಗಳು ಒಮ್ಮೆಗೇ ಉದುರುತ್ತವೆ, ಮೂರರ ಮಿತಿಯನ್ನು ದಾಟಿ ರಾಶಿ ಬೀಳುತ್ತವೆ. ನೋಡಲು ಅದ್ಭುತ, ಆಡಲು ಚುರುಕು. ಆದರೆ ಮರೆಯದೆ ಚುಚ್ಚುತ್ತಿದ್ದರೆ ಲಾರ್ವಾಗೆ ಬರವಿಲ್ಲ. ಯಾವುದನ್ನು ಮಾಡಲಿ, ಯಾವುದನ್ನು ಬಿಡಲಿ ಎಂಬ ಹಳೆಯ ಸಂಕಟ ತೆಳುವಾಗಿಬಿಟ್ಟಿತು. ಮಳೆಯಾಶ್ರಿತ ಹೊಲಕ್ಕೆ ಕಾಲುವೆ ನೀರು ಬಂದಂತೆ ಎಂದು ಅಪ್ಪನಿಗೆ ಹೇಳಿದರೆ, ಕಾಲುವೆ ನೀರನ್ನು ದೂರುವ ಮೊದಲ ಮನುಷ್ಯ ನೀನೇ ಎನ್ನುತ್ತಾರೆ. ಇರಲಿ. ನಾನು ಹಳೆಯ ಆಟಕ್ಕೇ ಮರಳಿದೆ. 2017ರಲ್ಲಿ ಅದನ್ನು ಉಚಿತವಾಗಿ ಬಿಟ್ಟರು, ಅದೇ ವರ್ಷ ಚಿತ್ರಗಳನ್ನು ಸ್ಫುಟಗೊಳಿಸಿದ ರೀಮಾಸ್ಟರ್ಡ್ ಕೂಡ ಬಂತು. ಅಂಕಿಗಳು ಒಂದೂ ಬದಲಾಗಿರಲಿಲ್ಲ: ಝರ್ಗ್‌ಲಿಂಗ್‌ಗೆ ಅದೇ 35, ಝೀಲಟ್‌ಗೆ ಅದೇ 8 ಮತ್ತು 8.

ಸೋದರಮಾವನ ಮಗ ಈಗ ಬೆಂಗಳೂರಿನಲ್ಲಿದ್ದಾನೆ. ತಿಂಗಳಿಗೊಮ್ಮೆ, ಮಕ್ಕಳು ಮಲಗಿದ ಮೇಲೆ, ಇಬ್ಬರೂ ಫೋನನ್ನು ಸ್ಪೀಕರಿನಲ್ಲಿಟ್ಟು ಒಂದು ಆಟ ಆಡುತ್ತೇವೆ. ಕಳೆದ ಶನಿವಾರ ಆಟ ಶುರುವಾಗಿ ನಾಲ್ಕು ನಿಮಿಷವಾಗಿತ್ತು. ನನ್ನ ಓವರ್‌ಲಾರ್ಡ್ ಅವನ ನೆಲೆಯ ಅಂಚಿನಲ್ಲಿ ತೇಲುತ್ತ ಝೀಲಟ್‌ಗಳನ್ನು ತಯಾರಿಸುವ ಎರಡು ಗೇಟ್‌ವೇ ಕಟ್ಟಡಗಳನ್ನು ಕಂಡಿತ್ತು. ಝೀಲಟ್‌ಗಳು ಹೊರಟಿರಬಹುದು, ಹೊರಡದೆಯೂ ಇರಬಹುದು. ಹ್ಯಾಚರಿಯ ಕೆಳಗೆ ಮೂರು ಲಾರ್ವಾಗಳಿದ್ದವು, ಕೈಯಲ್ಲಿ 150 ಖನಿಜವಿತ್ತು. ಆರು ಝರ್ಗ್‌ಲಿಂಗ್ ಆಗುತ್ತಿತ್ತು, ಮೂರು ಡ್ರೋನ್ ಆಗುತ್ತಿತ್ತು. ಅವನು ಫೋನಿನಲ್ಲಿ ಯಾವುದೋ ಮನೆ ಸಾಲದ ವಿಷಯ ಹೇಳುತ್ತಿದ್ದ, ದನಿಯಲ್ಲಿ ಅವಸರವಿರಲಿಲ್ಲ. ಮೂರಕ್ಕೂ ಡ್ರೋನ್ ಒತ್ತಿದೆ. ಮೊಟ್ಟೆಗಳು ಮೂರೂ ಒಟ್ಟಿಗೆ ಮಿಡಿಯತೊಡಗಿದವು, ಇಳಿಜಾರಿನ ಬುಡದಲ್ಲಿ ಮೊದಲ ಝೀಲಟ್ ಕಾಣಿಸಿತು, ಅದರ ಹಿಂದೆ ಇನ್ನೊಂದು, ಇನ್ನೊಂದು, ಮತ್ತೊಂದು.

"ಸಾಲದ ಕತೆ ಆಮೇಲೆ ಹೇಳ್ತೀನಿ ತಗಾ" ಎಂದ ಅವನು.